ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯಕ್ಕೆ ಇಷ್ಟು ವರ್ಷಗಳ ನಂತರ ದೂರು ಕೊಡಬಹುದೇ?

2009ರಲ್ಲಿ ನಿಮಗೆ 11 ವರ್ಷ, ಎಸಗಿದವರು ಸಂಬಂಧಿಕರು, ಈಗ ‘ಮೂರು ವರ್ಷ ಮೀರಿದೆ, ಕೇಸ್ ನಿಲ್ಲಲ್ಲ’ ಅನ್ನುತ್ತಿದ್ದಾರೆ, ಇದು ನಿಜವೇ ಎಂದು ಕೇಳಿದ್ದೀರಿ. ಅರ್ಧ ನಿಜ. ಆಗ ನಡೆದದ್ದು ಏನು ಎಂಬುದರ ಮೇಲೆ ಉತ್ತರ ನಿಂತಿದೆ.

ಕಾಲಮಿತಿಯ ನಿಯಮ ಇರುವುದು ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸ್ ನಡೆಸುವ ವಿಧಾನದ ಈಗಿನ ಕಾನೂನು) ಸೆಕ್ಷನ್ 514ರಲ್ಲಿ. 2024ರ ಜುಲೈ 1ಕ್ಕೆ ಮೊದಲು ಅದೇ ಸಿಆರ್‌ಪಿಸಿ 468 ಆಗಿತ್ತು. ಅದು ನೋಡುವುದು ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯನ್ನು. ಬರೀ ದಂಡವಾದರೆ 6 ತಿಂಗಳು, 1 ವರ್ಷದವರೆಗಿನ ಜೈಲಾದರೆ 1 ವರ್ಷ, 3 ವರ್ಷದವರೆಗಿನ ಜೈಲಾದರೆ 3 ವರ್ಷ. ಅದಕ್ಕೂ ಮೇಲಿನ ಶಿಕ್ಷೆಯ ಅಪರಾಧಕ್ಕೆ ಕಾಲಮಿತಿಯೇ ಇಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಹಿಂದಿನ ಘಟನೆಗೆ ಅದು ತಗಲುವುದಿಲ್ಲ. ನಿಮ್ಮ ವಿಷಯದಲ್ಲಿ ಆಗಿನ ದಂಡ ಸಂಹಿತೆಯಾದ ಐಪಿಸಿಯೇ ಗತಿ. ಅತ್ಯಾಚಾರ (376), ಅದರ ಪ್ರಯತ್ನ, ಅಸ್ವಾಭಾವಿಕ ಲೈಂಗಿಕ ಕೃತ್ಯ (377) ಇವುಗಳಿಗೆ ಮಿತಿ ಇಲ್ಲ. ಸಂತ್ರಸ್ತ ಹುಡುಗನಾಗಿದ್ದರೆ ಆಗ 377 ಬಿಟ್ಟು ಬೇರೆ ಗಟ್ಟಿ ದಾರಿ ಇರಲಿಲ್ಲ.

ತೊಡಕಿರುವುದು ‘ಮುಟ್ಟಿದರು’ ಎಂಬ ಪ್ರಕರಣಗಳಲ್ಲಿ. ಅದಕ್ಕೆ ತಗಲುವ ಐಪಿಸಿ 354ಕ್ಕೆ (ಮಹಿಳೆಯ ಮಾನಭಂಗಕ್ಕಾಗಿ ಬಲಪ್ರಯೋಗ) ಆಗ ಇದ್ದದ್ದು ಗರಿಷ್ಠ 2 ವರ್ಷ. 5 ವರ್ಷಕ್ಕೆ ಏರಿದ್ದು 2013ರ ಫೆಬ್ರವರಿಯಲ್ಲಿ. ಹಾಗಾಗಿ 2009ರ 354ರ ಕೇಸಿನ ಅವಧಿ 2012ಕ್ಕೇ ಮುಗಿದಿದೆ. ನಿಮಗೆ 18 ತುಂಬಿದ ದಿನದಿಂದ ಲೆಕ್ಕ ಶುರುವಾಗುತ್ತದೆ ಎಂಬುದು ಸಿವಿಲ್ ದಾವೆಯ ನಿಯಮ, ಕ್ರಿಮಿನಲ್ ಕೇಸಿಗೆ ಆ ರಿಯಾಯಿತಿ ಇಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಆದರೆ ಕಾನೂನು ಹಾಗಿದೆ.

ಆದರೂ ಎರಡು ಬಾಗಿಲು ತೆರೆದಿವೆ. ಒಂದು, ಒಟ್ಟಿಗೆ ವಿಚಾರಣೆ ಮಾಡಬಹುದಾದ ಅಪರಾಧಗಳಿದ್ದರೆ ಹೆಚ್ಚಿನ ಶಿಕ್ಷೆಯ ಅಪರಾಧದ ಮಿತಿಯೇ ಎಲ್ಲಕ್ಕೂ ಲೆಕ್ಕ. ‘ಹೇಳಿದರೆ ಕೊಂದುಬಿಡ್ತೀನಿ’ ಎಂದು ಆಗಲೇ ಬೆದರಿಸಿದ್ದರೆ ಅದು ಐಪಿಸಿ 506ರ ಎರಡನೇ ಭಾಗ, ಶಿಕ್ಷೆ 7 ವರ್ಷದವರೆಗೆ, ಹಾಗಾಗಿ ಮಿತಿ ಇಲ್ಲ. ನಡೆದಿದ್ದರೆ ದೂರಿನಲ್ಲಿ ಬರೆಯಲೇಬೇಕು. ನಡೆಯದಿದ್ದರೆ ಸೇರಿಸಬೇಡಿ, ಪಾಟೀಸವಾಲಿನಲ್ಲಿ ಇಡೀ ಕೇಸ್ ಬೀಳುತ್ತದೆ. ಇನ್ನೊಂದು ಬಿಎನ್‌ಎಸ್‌ಎಸ್ ಸೆಕ್ಷನ್ 519: ವಿಳಂಬಕ್ಕೆ ಸರಿಯಾದ ಕಾರಣವಿದ್ದರೆ, ಅಥವಾ ನ್ಯಾಯದ ಹಿತಕ್ಕೆ ಬೇಕೆನಿಸಿದರೆ, ಕೋರ್ಟ್ ತಡವನ್ನು ಮನ್ನಿಸಬಹುದು. ಅದಕ್ಕೆ ಮೊದಲು ಆರೋಪಿಗೂ ನೋಟಿಸ್ ಹೋಗಬೇಕು.

ಕಾಲಮಿತಿ ಅಡ್ಡ ಬರದಿದ್ದರೂ ತಡ ಯಾಕಾಯಿತು ಎಂಬ ಪ್ರಶ್ನೆ ತಪ್ಪದು. ಉತ್ತರವನ್ನು ಮೊದಲ ದೂರಿನಲ್ಲೇ ಬರೆಯಿರಿ: ಎಸಗಿದವರದೇ ಮನೆಯಲ್ಲಿದ್ದಿರಿ, ಅಮ್ಮ ನಂಬಲಿಲ್ಲ, ಏನಿದ್ದರೂ ಇದ್ದ ಹಾಗೆ. ದಿನಾಂಕ ನೆನಪಿಲ್ಲದಿದ್ದರೆ ‘ಆರನೇ ತರಗತಿಯ ಬೇಸಿಗೆ ರಜೆ’ ಎಂದರೆ ಸಾಕು. ಅಂದಾಜಿನ ತಾರೀಖು ಹಾಕಿದರೆ ಅದನ್ನೇ ಹಿಡಿದು ಎಳೆಯುತ್ತಾರೆ. ವಯಸ್ಸಿಗೆ ಶಾಲಾ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಮೊದಲು ಯಾರಿಗೆ ಹೇಳಿಕೊಂಡಿರೋ ಅವರು ಮುಖ್ಯ ಸಾಕ್ಷಿ. ಎಸಗಿದವರು ಕ್ಷಮೆ ಕೇಳಿದ ಮೆಸೇಜ್ ಇದ್ದರೆ ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲದು, ಹೊಸ ಸಾಕ್ಷ್ಯ ಕಾಯ್ದೆಯ (ಬಿಎಸ್‌ಎ) 63ರಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕಾಗುತ್ತದೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಅವರು ಜೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಲಿಖಿತ ದೂರು, ಅಲ್ಲೂ ಆಗದಿದ್ದರೆ ಅಫಿಡವಿಟ್ ಸಮೇತ ಬಿಎನ್‌ಎಸ್‌ಎಸ್ 175(3)ರಡಿ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ. ಎಸ್‌ಪಿಗೆ ಕೊಟ್ಟ ದೂರಿನ ಪ್ರತಿ ಇಲ್ಲದೆ ಹೋದರೆ ಅರ್ಜಿ ಅಲ್ಲೇ ತಿರಸ್ಕೃತವಾಗಬಹುದು. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಘಟನೆ ಪೋಕ್ಸೊ ಬಂದ ಮೇಲಿನದಾದರೆ ದಾರಿ ಸಲೀಸು: ಲೈಂಗಿಕ ದಾಳಿಯ ಸೆಕ್ಷನ್ 4, 6, 8, 10 ಯಾವುದಕ್ಕೂ ಮಿತಿ ಇಲ್ಲ. ಎಚ್ಚರ ಬೇಕಿರುವುದು ಸೆಕ್ಷನ್ 12ರಲ್ಲಿ, ಅಶ್ಲೀಲ ಮಾತು, ಸನ್ನೆ, ವಿಡಿಯೊ ತೋರಿಸುವುದು ಇತ್ಯಾದಿ. ಶಿಕ್ಷೆ 3 ವರ್ಷದವರೆಗೆ ಇರುವುದರಿಂದ ಆರೋಪಿಯ ಕಡೆಯವರು 3 ವರ್ಷದ ಮಿತಿ ಎತ್ತುತ್ತಾರೆ. ಇನ್ನು ಎಸಗಿದವರಿಗೇ ಆಗ 18 ತುಂಬಿರದಿದ್ದರೆ, ಈಗ ಅವರಿಗೆ ಎಷ್ಟೇ ವಯಸ್ಸಾಗಿರಲಿ, ಕೇಸ್ ಹೋಗುವುದು ಬಾಲ ನ್ಯಾಯ ಮಂಡಳಿಗೆ.