ವಿಂಡೋಸ್ 10ರ ಅವಧಿ ಮುಗಿಯಿತು, ಅಂಗಡಿಯ ಕಂಪ್ಯೂಟರ್ ಏನು ಮಾಡೋದು?

ಪ್ರಶ್ನೆ: ದಾವಣಗೆರೆ ಜಿಲ್ಲೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್ ಇವೆ, ಎರಡರಲ್ಲೂ ವಿಂಡೋಸ್ 10. ಒಂದು 6ನೇ ಜನರೇಷನ್ ಐ3. ಇನ್ನೊಂದು 10ನೇ ಜನರೇಷನ್ ಐ5, ಅಸೆಂಬಲ್ ಮಾಡಿಸಿದ್ದು. ಎರಡರಲ್ಲೂ ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್, ಕನ್ನಡ ಟೈಪಿಂಗ್‌ಗೆ ನುಡಿ ಬೇಕು. ಆನ್‌ಲೈನ್ ಅರ್ಜಿ, ಬ್ಯಾಂಕ್ ಕೆಲಸವೂ ಅವುಗಳಲ್ಲೇ. ಸರ್ವಿಸ್ ಹುಡುಗ ಎರಡನ್ನೂ ಫಾರ್ಮ್ಯಾಟ್ ಹೊಡೆದು ವಿಂಡೋಸ್ 11 ಹಾಕಿಕೊಡ್ತೀನಿ ಅಂತಾನೆ. ಹಾಕಿಸಬಹುದಾ? ಹಳೆಯ ಲಗ್ನಪತ್ರಿಕೆ ಫೈಲ್‌ಗಳ ಗತಿ ಏನು?

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ ಎಂದು ಅವರಿಗೆ ಹೇಳಿಬಿಡಿ. ನಿಮ್ಮ ಎರಡು ಕಂಪ್ಯೂಟರ್‌ಗಳಿಗೆ ಎರಡು ಬೇರೆ ಬೇರೆ ಉತ್ತರ ಇವೆ.

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಕಂಪ್ಯೂಟರ್ ಕೆಲಸ ನಿಲ್ಲಿಸುವುದಿಲ್ಲ. ಆ ದಿನದ ನಂತರ ಪತ್ತೆಯಾಗುವ ಭದ್ರತಾ ದೋಷಗಳು ಮಾಮೂಲಿ ಅಪ್‌ಡೇಟ್‌ನಲ್ಲಿ ಸರಿಯಾಗುವುದಿಲ್ಲ, ಅಷ್ಟೆ. 'ಅಷ್ಟೆ' ಎಂದರೂ ಇದು ಸಣ್ಣ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ದೇಶದೇಶಗಳಲ್ಲಿ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಸುಳಿದ ದೋಷಕ್ಕೆ ಪರಿಹಾರ ಆ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಅಪ್‌ಡೇಟ್ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮ ಅಂಗಡಿಗೆ ಜನ ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲ ತಂದುಕೊಡುತ್ತಾರೆ. ಅವನ್ನು ಕಾಯುವ ಹೊಣೆಯೂ ನಿಮ್ಮ ಮೇಲಿದೆ. ಆದ್ದರಿಂದ ಇಂಟರ್ನೆಟ್‌ಗೆ ಹೋಗುವ ಕಂಪ್ಯೂಟರ್ ಭದ್ರತಾ ಅಪ್‌ಡೇಟ್ ಇಲ್ಲದೆ ಇರಬಾರದು. ಉಳಿದ ತೀರ್ಮಾನವೆಲ್ಲ ಇದರ ಮೇಲೆ ನಿಂತಿದೆ.

ಈಗ ಐ5 ನೋಡೋಣ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. 4 ಜಿಬಿ ಎನ್ನುವುದು ಕಾಗದದ ಮೇಲಿನ ಲೆಕ್ಕ. ನಿಮ್ಮಂಥ ಕೆಲಸಕ್ಕೆ 8 ಇರಲಿ. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಆ್ಯಪ್ ಹಾಕಿದರೆ ಆಗುತ್ತದೋ ಇಲ್ಲವೋ ಎಂದು ಅದೇ ಹೇಳುತ್ತದೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳಲ್ಲಿ 'ಟಿಪಿಎಂ ಇಲ್ಲ' ಎಂದು ಬರುವುದು ಜಾಸ್ತಿ. ಗಾಬರಿಯಾಗಿ ಹೊಸ ಬೋರ್ಡ್ ಕೊಳ್ಳಬೇಡಿ. ಹೆಚ್ಚಿನ ಸಲ ಅದು ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡ್‌ಗಳಲ್ಲಿ 'ಪಿಟಿಟಿ' ಎಂಬ ಹೆಸರಿನಲ್ಲಿರುತ್ತದೆ, ಆನ್ ಮಾಡಿದರೆ ಸಾಕು.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಆ ಕಂಪ್ಯೂಟರ್ 'ಲೆಗಸಿ' ಎಂಬ ಹಳೆಯ ಮೋಡ್‌ನಲ್ಲಿ ಬೂಟ್ ಆಗುತ್ತಿದ್ದರೆ ಡಿಸ್ಕ್ 'ಎಂಬಿಆರ್' ಎಂಬ ಹಳೆಯ ಮಾದರಿಯಲ್ಲಿರುತ್ತದೆ. ವಿಂಡೋಸ್ 11ಕ್ಕೆ ಬೇಕಾದ ಹೊಸ ಮೋಡ್ 'ಯುಇಎಫ್‌ಐ'. ಬಯೋಸ್‌ನಲ್ಲಿ ಸುಮ್ನೆ ಹಾಗೆ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಇದೇ ಕಾರಣಕ್ಕೆ ಸರ್ವಿಸ್‌ನವರು ಫಾರ್ಮ್ಯಾಟ್ ಎನ್ನುತ್ತಿರಬಹುದು. ವಿಂಡೋಸ್ 10ರ ಒಳಗೇ 'ಎಂಬಿಆರ್ ಟು ಜಿಪಿಟಿ' ಎಂಬ ಸಾಧನ ಇದೆ. ಫೈಲ್ ಅಳಿಸದೆ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ 'ಜಿಪಿಟಿ' ಮಾದರಿಗೆ ಬದಲಿಸುತ್ತದೆ. ಅದನ್ನು ಮೊದಲು ನಡೆಸಿ, ಆಮೇಲೆ ಬಯೋಸ್ ಮುಟ್ಟಲು ಹೇಳಿ. ನಂತರ ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫೈಲ್, ಸಾಫ್ಟ್‌ವೇರ್, ಫಾಂಟ್ ಎಲ್ಲ ಇದ್ದಲ್ಲೇ ಇರುತ್ತವೆ. ಅಸಲಿ ಲೈಸೆನ್ಸ್ ಇದ್ದರೆ ದುಡ್ಡೂ ಕೊಡಬೇಕಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ಆಗಿದ್ದರೆ ಲೈಸೆನ್ಸ್ ಕೊಳ್ಳಲು ಇದೇ ಸಮಯ. ವಿಂಡೋಸ್‌ನ ಬೀಗ ಮುರಿಯುವ ಸಾಫ್ಟ್‌ವೇರ್ ಜೊತೆಗೆ ಇನ್ನೇನನ್ನು ಒಳಗೆ ಬಿಟ್ಟಿದೆ ಎಂದು ಯಾರೂ ಖಾತ್ರಿ ಕೊಡಲಾರರು.

ಬ್ಯಾಕಪ್ ವಿಷಯಕ್ಕೆ ಬಂದರೆ, ಡಿಟಿಪಿಯವರು ಫೈಲ್ ಇಟ್ಟುಕೊಳ್ಳುತ್ತಾರೆ, ಫಾಂಟ್ ಮರೆಯುತ್ತಾರೆ. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ, ಗೊತ್ತಿಲ್ಲ. ಅದರಲ್ಲಿ ನೀವು ಮಾಡಿದ ಕನ್ನಡ ಮ್ಯಾಟರ್ ಎಲ್ಲ ಹಳೆಯ ನುಡಿ ಫಾಂಟ್‌ಗಳ ಮೇಲೆ ನಿಂತಿದೆ. ಫಾಂಟ್ ಹೋದರೆ ಲಗ್ನಪತ್ರಿಕೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಫೈಲ್‌ಗಳ ಜೊತೆ ಫಾಂಟ್ ಫೋಲ್ಡರ್, ನುಡಿ ಮತ್ತು ಪ್ರಿಂಟರ್ ಡ್ರೈವರ್‌ಗಳ ಸೆಟಪ್ ಕೂಡ ಕಾಪಿ ಮಾಡಿ. ಕಾಪಿ ಮಾಡಿದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ವರ್ಡ್‌ನಲ್ಲಿ ತುಂಗಾ ಫಾಂಟ್ ಬಳಸಿದ್ದರೆ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ತಾನಾಗಿ ಬರದೇ ಇರಬಹುದು. ಆಗ ಸೆಟ್ಟಿಂಗ್ಸ್‌ನ 'ಆಪ್ಷನಲ್ ಫೀಚರ್ಸ್'ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಿ.

ಇನ್ನು ಐ3. ಅದು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಪರೀಕ್ಷೆ ತಪ್ಪಿಸಿ ಹಾಕುವ ದಾರಿಗಳಿವೆ, ಹುಡುಗ ಅದನ್ನೇ ಮಾಡುವವನಿದ್ದಾನೆ. ಆದರೆ ಹಾಗೆ ಹಾಕಿದ ಕಂಪ್ಯೂಟರ್‌ಗೆ ಅಪ್‌ಡೇಟ್ ಕೊಡುವ ಭರವಸೆ ನಮ್ಮದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಮನೆಯಲ್ಲಿ ಕಲಿಯಲು ಮಾಡಿದರೆ ನನ್ನ ಆಕ್ಷೇಪ ಇಲ್ಲ. ಅನ್ನ ಕೊಡುವ ಕಂಪ್ಯೂಟರ್‌ನಲ್ಲಿ ಬೇಡ.

ನನ್ನ ಸಲಹೆ ಕೆಲಸವನ್ನು ಹಂಚಿಬಿಡುವುದು. ಐ5ನಲ್ಲಿ ಬ್ಯಾಂಕು, ಅರ್ಜಿ, ಇಮೇಲ್. ಐ3ಯಲ್ಲಿ ಪೇಜ್‌ಮೇಕರ್ ಮತ್ತು ಪ್ರಿಂಟ್ ಮಾತ್ರ. ಅದರ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಪೇಜ್‌ಮೇಕರ್ 7 ಬಂದದ್ದೇ 2001ರಲ್ಲಿ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಗಿರಾಕಿಗಳು ತರುವ ಪೆನ್‌ಡ್ರೈವ್ ಮಾತ್ರ ನೇರವಾಗಿ ಅದಕ್ಕೆ ಚುಚ್ಚಬೇಡಿ. ಮೊದಲು ಐ5ನಲ್ಲಿ ಸ್ಕ್ಯಾನ್ ಆಗಲಿ, ಆಮೇಲೆ ನಿಮ್ಮದೇ ಪೆನ್‌ಡ್ರೈವ್‌ನಲ್ಲಿ ಬೇಕಾದ ಫೈಲ್ ಮಾತ್ರ ಆ ಕಡೆ ಹೋಗಲಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆ ಐ3 ಇನ್ನೂ ಕೆಲವು ವರ್ಷ ಚುರುಕಾಗಿ ದುಡಿಯುತ್ತದೆ.

ಯಾವಾಗ ಮಾಡೋದು? ಮದುವೆ ಸೀಸನ್ ನಡುವೆ ಬೇಡ, ಮಾರ್ಚ್ ಕೊನೆಯಲ್ಲೂ ಬೇಡ. ಲಗ್ನಪತ್ರಿಕೆಯವರಿಗೆ ಆಷಾಢ, ಧನುರ್ಮಾಸ ಒಳ್ಳೆಯ ಕಾಲ, ಅಲ್ವಾ? ಆದರೆ ಅವು ದೂರ ಇದ್ದರೆ ಕಾಯುತ್ತ ಕೂರಬೇಡಿ, ಮುಹೂರ್ತ ಇಲ್ಲದ ಒಂದು ವಾರ ಸಿಕ್ಕರೂ ಸಾಕು. ವಾರ ಯಾಕೆ ಅಂದರೆ, ಅಪ್‌ಗ್ರೇಡ್ ಆದ ಮೇಲೆ 10 ದಿನದೊಳಗೆ ಸೆಟ್ಟಿಂಗ್ಸ್‌ನ 'ರಿಕವರಿ'ಯಿಂದ ಹಳೆಯ ವಿಂಡೋಸ್‌ಗೆ ಮರಳಬಹುದು. ಆ ಅವಧಿಯಲ್ಲೇ ಎಲ್ಲ ಪರೀಕ್ಷೆ ಮುಗಿಸಿ. ಪೇಜ್‌ಮೇಕರ್ ತೆರೆಯುತ್ತದಾ, ಪ್ರಿಂಟರ್‌ನಲ್ಲಿ ಮಾರ್ಜಿನ್ ಸರಿ ಬರುತ್ತದಾ, ಸ್ಕ್ಯಾನರ್ ಏಳುತ್ತದಾ, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದು ಕಾಣಿಸುತ್ತದಾ, ಎಲ್ಲ ನೋಡಿ. ಜಾಗ ಸಾಲದು ಎಂದು ಯಾರಾದರೂ ಹಳೆಯ ವಿಂಡೋಸ್ ಇರುವ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್ ಅಳಿಸಿದರೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ಅಪ್‌ಗ್ರೇಡ್ ನಡೆಯುವಾಗ ಕರೆಂಟ್ ಹೋಗಬಾರದು. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ.

ಪ್ರಶ್ನೆ: ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಅದರಲ್ಲೂ ಪ್ರತಿ ವರ್ಷ ಹೊಸ ಆವೃತ್ತಿ ಬಂದಿದೆ, ಹಾಕಿಕೋ ಎನ್ನುತ್ತದೆ. ಬಂದ ಕೂಡಲೇ ಹಾಕಬೇಕಾ?

ಉತ್ತರ: ಬೇಕಿಲ್ಲ. ವಿಂಡೋಸ್ 11 ಹೋಮ್ ಅಥವಾ ಪ್ರೊ ಇದ್ದರೆ, ಪ್ರತಿ ವರ್ಷದ ಆವೃತ್ತಿಗೂ ಅದು ಬಿಡುಗಡೆಯಾದ ದಿನದಿಂದ 24 ತಿಂಗಳು ಬೆಂಬಲ ಇರುತ್ತದೆ. ಹೊಸದು ಬಂದು ಎರಡು ಮೂರು ತಿಂಗಳಾಗಲಿ, ಆರಂಭದ ತೊಂದರೆಗಳು ಅಷ್ಟರಲ್ಲಿ ಬಯಲಾಗಿರುತ್ತವೆ. ಸೆಮಿಸ್ಟರ್ ರಜೆಯಲ್ಲಿ ಹಾಕಿಕೊಳ್ಳಲಿ. ಆದರೆ ತಿಂಗಳು ತಿಂಗಳು ಬರುವ ಭದ್ರತಾ ಅಪ್‌ಡೇಟ್ ಬೇರೆಯದು, ಅದನ್ನು ಮುಂದೂಡಬಾರದು.

ಇನ್ನೊಂದು ಕೆಲಸ ಇವತ್ತೇ ಮಾಡಿಸಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ತಿಳಿಯದೆಯೇ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಬಯೋಸ್‌ನಲ್ಲಿ ಏನೋ ಬದಲಾದರೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳಬಹುದು. ಅದಿಲ್ಲದೆ ಪ್ರಾಜೆಕ್ಟ್, ಫೋಟೊ ಯಾವುದೂ ಸಿಗುವುದಿಲ್ಲ. ಹೆಚ್ಚಾಗಿ ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಹುಡುಕಿ, ಕಾಗದದಲ್ಲಿ ಬರೆದು ಮನೆಯಲ್ಲಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹತ್ತು ವರ್ಷಕ್ಕೂ ಹಳೆಯ ಲ್ಯಾಪ್‌ಟಾಪ್, ವಿಂಡೋಸ್ 10. ಪತ್ರಿಕೆ ಓದುವುದು, ಕನ್ನಡದಲ್ಲಿ ಬರೆಯುವುದು, ಮಗನ ಜೊತೆ ವಿಡಿಯೊ ಕರೆ, ಇಷ್ಟೇ ನನ್ನ ಕೆಲಸ. ಹೊಸದು ಕೊಳ್ಳಲೇಬೇಕೆ?

ಉತ್ತರ: ಕೊಳ್ಳಬೇಕಿಲ್ಲ ಸರ್. ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ತಂದಿತು. ಅದಕ್ಕೆ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಉಚಿತ. 'ವಿಂಡೋಸ್ ಅಪ್‌ಡೇಟ್' ಪುಟದಲ್ಲಿ ನೋಂದಣಿಯ ಲಿಂಕ್ ಇರುತ್ತದೆ.

ಅದು ಮುಗಿಯುವುದರೊಳಗೆ, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ನೋಡಿ. ಅದರ 22ನೇ ಆವೃತ್ತಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಸಿಗುತ್ತದೆ, ಪೂರ್ತಿ ಉಚಿತ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಹೀಗೆ ಎರಡು ಮೂರು ದಿನ ಬಳಸಿ. ಕನ್ನಡ ಕೀಲಿಮಣೆ, ಕ್ಯಾಮೆರಾ, ಮೈಕ್, ಪ್ರಿಂಟರ್ ಹೊಂದಿಕೊಂಡರೆ ಫೋಟೊಗಳನ್ನೆಲ್ಲ ಬ್ಯಾಕಪ್ ಮಾಡಿ ಹಾಕಿಸಿಕೊಳ್ಳಿ. ಬರೆಯಲು ವರ್ಡ್‌ನಂಥ ಲಿಬ್ರೆ ಆಫೀಸ್ ಅದರ ಜೊತೆಗೇ ಬರುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಲೇಖನಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ಪ್ರಶ್ನೆ: 'ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಸರಿಮಾಡಿಕೊಡುತ್ತೇವೆ' ಎಂದು ಫೋನ್ ಬಂತು. ನಂಬಬಹುದೇ?

ಉತ್ತರ: ಖಂಡಿತ ನಂಬಬೇಡಿ. ಮೈಕ್ರೋಸಾಫ್ಟ್ ಯಾರಿಗೂ ತಾನಾಗಿ ಹೀಗೆ ಫೋನ್ ಮಾಡುವುದಿಲ್ಲ. ಅವರು ಹೇಳಿದ ಆ್ಯಪ್ ಹಾಕಬೇಡಿ, ಒಟಿಪಿ ಕೊಡಬೇಡಿ. ಈಗಾಗಲೇ ಹಾಕಿದ್ದರೆ ಕಂಪ್ಯೂಟರ್‌ನ ಇಂಟರ್ನೆಟ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.