ಎ4 ವಾಟರ್‌ಕಲರ್‌ಗೆ 300 ಬೇಡ, ಲೆಕ್ಕ ಹಾಕಿ ಕೇಳಿ

ಮೇಡಂ, ನೀವು ಗುಂಪಿನಲ್ಲಿ ಹಾಕಿದ ಬಸವನಗುಡಿಯ ಹಳೇ ಮನೆಯ ಚಿತ್ರ ನೋಡಿದೆ. ಕಿಟಕಿಯ ಸರಳು, ಹೆಂಚಿನ ಸಾಲು ಎಲ್ಲಾ ತುಂಬಾ ಚೆನ್ನಾಗಿ ಬಂದಿದೆ. ನಿಮ್ಮ ಆಫೀಸಿನವರೊಬ್ಬರು ಅದನ್ನು ಕೊಳ್ಳಲು ಕೇಳಿದರು, ನೀವು 400 ರೂಪಾಯಿ ಎಂದಿರಿ, ಅವರು "ಆನ್‌ಲೈನಲ್ಲಿ 250ಕ್ಕೆ ಸಿಗುತ್ತಲ್ಲ" ಎಂದರು. ಈಗ 300ಕ್ಕೆ ಕೊಟ್ಟುಬಿಡಲಾ ಎಂದು ಕೇಳಿದ್ದೀರಿ.

ಕೊಡಬೇಡಿ. 400 ಕೂಡ ಕಡಿಮೆಯೇ. ಆನ್‌ಲೈನಲ್ಲಿ ಆ ರೇಟಿಗೆ ಸಿಗುವುದು ಪ್ರಿಂಟು. ಒಂದು ಫೈಲಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ನೀವು ಕೂತು ಬರೆದದ್ದು ಒಂದೇ ಒಂದು.

ಮೊದಲು ಖರ್ಚು ಬರೆದುಕೊಳ್ಳಿ. ಉದಾಹರಣೆಗೆ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಕಾಟನ್ ಪೇಪರಿನ ಒಂದು ಹಾಳೆ 80 ರೂಪಾಯಿ ಅಂದುಕೊಳ್ಳೋಣ. ಬಣ್ಣ, ಬ್ರಶ್ಶಿನ ಸವಕಳಿ, ಮಾಸ್ಕಿಂಗ್ ಟೇಪ್ ಸೇರಿ 50. ಮೌಂಟ್ (ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು), ಹಿಂದಿನ ಬೋರ್ಡು, ಮೇಲಿನ ಕವರ್ 100. ಕೆಟ್ಟುಹೋದ ಹಾಳೆಗಳ ಪಾಲು 20. ಆಕಾಶಕ್ಕೆ ತೆಳು ಬಣ್ಣದ ವಾಶ್ ಹಾಕುವಾಗ ಕಲೆ ಬಿದ್ದು ಪಕ್ಕಕ್ಕಿಟ್ಟ ಹಾಳೆಗೂ ದುಡ್ಡು ಕೊಟ್ಟಿರುತ್ತೀರಿ ಅಲ್ವಾ? ಒಟ್ಟು 250 ಆಯಿತು. ನಿಮ್ಮ ಬಿಲ್ಲು ನೋಡಿ ಈ ಅಂಕಿಗಳನ್ನು ಬದಲಿಸಿಕೊಳ್ಳಿ.

ಆಮೇಲೆ ಸಮಯ. ಪೆನ್ಸಿಲ್ ಸ್ಕೆಚ್, ಬಣ್ಣ, ಕೊನೆಯ ಗೆರೆಗಳು, ಫೋಟೋ ತೆಗೆದದ್ದು, ಪ್ಯಾಕ್ ಮಾಡಿದ್ದು ಎಲ್ಲಾ ಸೇರಿಸಿ. ಬಣ್ಣ ಒಣಗುವಾಗ ಬೇರೆ ಕೆಲಸ ನೋಡಿಕೊಂಡಿದ್ದರೆ ಆ ಹೊತ್ತನ್ನು ಬಿಡಿ. 5 ಗಂಟೆ ಹಿಡಿಯಿತು, ಗಂಟೆಗೆ 150 ಅಂದರೂ 750. ಖರ್ಚು ಸೇರಿ 1000. ನೀವು 300ಕ್ಕೆ ಕೊಟ್ಟರೆ ಖರ್ಚು ಕಳೆದು ಐದು ಗಂಟೆಯ ಕೆಲಸಕ್ಕೆ ಸಿಗುವುದು 50 ರೂಪಾಯಿ.

"ಹವ್ಯಾಸಕ್ಕೆ ಮಾಡೋದು, ಗಂಟೆ ಲೆಕ್ಕದಲ್ಲಿ ದುಡ್ಡು ಹೇಗೆ ಕೇಳಲಿ" ಎಂದು ಬರೆದಿದ್ದೀರಲ್ಲ, ಅಲ್ಲಿ ನನಗೆ ಸುಮ್ನೆ ಇರಲು ಆಗಲಿಲ್ಲ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗಿ ನೋಡಿ. ಕುಮಾರಕೃಪಾ ರಸ್ತೆಯಲ್ಲಿ ಹವ್ಯಾಸಕ್ಕೆ ಬರೆಯುವ ನಮ್ಮಂಥವರ ಪಕ್ಕದಲ್ಲೇ ಇದನ್ನೇ ನಂಬಿ ಬದುಕುವವರೂ ಕೂತಿರುತ್ತಾರೆ. ನಮಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಅವರು ಮನೆ ಬಾಡಿಗೆ ಕಟ್ಟಬೇಕಾದದ್ದು ಆ ಚಿತ್ರಗಳಿಂದಲೇ. ನಾವು 300 ಎಂದರೆ ಕೊಳ್ಳುವವರು ಅವರ ಮುಂದೆ ನಿಂತು "ಅಲ್ಲಿ 300ಕ್ಕೆ ಕೊಡ್ತಾ ಇದ್ದಾರೆ" ಎನ್ನುತ್ತಾರೆ. ನಮ್ಮ ಸಂಕೋಚಕ್ಕೆ ಅವರ ಹೊಟ್ಟೆಯ ಮೇಲೆ ಪೆಟ್ಟು ಬೀಳಬಾರದು.

ಇನ್ನು ಬೇರೆ ಬೇರೆ ಅಳತೆಗೆ ಏನು ಮಾಡುವುದು? ಹೆಚ್ಚಿನವರು ಚದರ ಇಂಚಿನ ಲೆಕ್ಕ ಹಾಕುತ್ತಾರೆ. ಎ4 ಅಂದರೆ ಸುಮಾರು 8.3 x 11.7 ಇಂಚು, ಹತ್ತಿರ ಹತ್ತಿರ 97 ಚದರ ಇಂಚು. ಚದರ ಇಂಚಿಗೆ 10 ರೂಪಾಯಿ ಹಿಡಿದರೆ ಸಾವಿರದ ಆಸುಪಾಸು ಬರುತ್ತದೆ. ಆದರೆ ಚಿಕ್ಕ ಚಿತ್ರಕ್ಕೆ ಈ ಲೆಕ್ಕ ಮೋಸ ಮಾಡುತ್ತದೆ. 5 x 7 ಇಂಚಿನದಕ್ಕೆ ಬರೀ 350 ಆಗುತ್ತದೆ. ಚಿಕ್ಕದಾದರೂ ಸ್ಕೆಚ್ ಮಾಡಲೇಬೇಕು, ಮೌಂಟು ಹಾಕಲೇಬೇಕು, ಪ್ಯಾಕ್ ಮಾಡಲೇಬೇಕು. ಅದಕ್ಕೆ ಉದ್ದ ಮತ್ತು ಅಗಲ ಕೂಡಿಸಿ 50ರಿಂದ ಗುಣಿಸಿ: 12 ಇಂಚು, 600 ರೂಪಾಯಿ. ಎ4ಗೂ ಹೀಗೇ ಮಾಡಿದರೆ 20 ಇಂಚು, ಸರಿಯಾಗಿ 1000. ದೊಡ್ಡದಕ್ಕೆ ಇದೇ ಕೂಡಿಸುವ ಲೆಕ್ಕ ಉಲ್ಟಾ ಹೊಡೆಯುತ್ತದೆ. ಎ2 ಹಾಳೆಯಲ್ಲಿ ಎ4ರ ನಾಲ್ಕು ಪಟ್ಟು ಜಾಗ ತುಂಬಬೇಕು, ರೇಟು ಮಾತ್ರ ಎರಡು ಪಟ್ಟು, 2000. ಚದರ ಇಂಚಿನಲ್ಲಿ 3860 ಬರುತ್ತದೆ. ನಿಮ್ಮ ಹಾಗೆ ಒಂದೊಂದು ಹೆಂಚನ್ನೂ ಬಿಡಿಸುವವರಿಗೆ ಅದೇ ನ್ಯಾಯ. ಹಾಗಾಗಿ ಎ4ರವರೆಗೆ ಕೂಡಿಸಿ, ಅದಕ್ಕಿಂತ ದೊಡ್ಡದಕ್ಕೆ ಚದರ ಇಂಚು ಹಿಡಿಯಿರಿ. ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಇಟ್ಟುಬಿಡಿ, ಯಾರು ಕೇಳಿದರೂ ಅದೇ ರೇಟು. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಮಾಡುವವರು ಗುಂಪಿನಲ್ಲಿದ್ದರೆ, ಚಿನ್ನದ ರೇಕಿನ ಬಿಲ್ಲನ್ನು ಬೇರೆಯಾಗಿ ಸೇರಿಸಿ. ಫ್ರೇಮಿನದೂ ಬೇರೆಯೇ.

ಅಂಗಡಿಯಲ್ಲೋ ಗ್ಯಾಲರಿಯಲ್ಲೋ ಇಡುವಾಗ ಕಮಿಷನ್ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಅವರು ಮಾರಿದ ಬೆಲೆಯಲ್ಲಿ 30 ಪರ್ಸೆಂಟ್ ಹಿಡಿದುಕೊಳ್ಳುತ್ತಾರೆ ಅಂದುಕೊಳ್ಳಿ. 1000ಕ್ಕೆ 300 ಸೇರಿಸಿ 1300 ಬರೆದರೆ ಕೈಗೆ ಬರುವುದು 910. 1000ವನ್ನು 0.7ರಿಂದ ಭಾಗಿಸಬೇಕು, ಸುಮಾರು 1430 ಆಗುತ್ತದೆ. ಅಲ್ಲಿ 1430 ಇಟ್ಟು ಮನೆಯಲ್ಲಿ 1000ಕ್ಕೆ ಮಾರಿದರೆ ಅಂಗಡಿಯವರಿಗೆ ಬೇಜಾರಾಗುತ್ತದೆ, ಅದು ಸಹಜ. ಎರಡೂ ಕಡೆ ಒಂದೇ ಬೆಲೆ ಇಡಿ.

ಚೌಕಾಸಿ ಅಂತೂ ಇದ್ದೇ ಇರುತ್ತದೆ. "ಲಾಸ್ಟ್ ಎಷ್ಟು?" ಎಂದರೆ ಬೆಲೆ ಇಳಿಸಬೇಡಿ, ಚಿಕ್ಕ ಅಳತೆ ತೋರಿಸಿ. ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟು, ಬುಕ್‌ಮಾರ್ಕು ಒಂದಿಷ್ಟು ಇಟ್ಟುಕೊಳ್ಳಿ. ಇಷ್ಟಪಟ್ಟು ಬಂದವರು 100 ರೂಪಾಯಿಗೂ ಏನೋ ಒಂದು ಒಯ್ಯಬಹುದು, ಮೂಲ ಚಿತ್ರದ ಬೆಲೆಯೂ ಉಳಿಯುತ್ತದೆ. ನೆಂಟರಿಗೆ, ಗೆಳತಿಯರಿಗೆ ಕೊಡುವುದಾದರೆ ಪೂರ್ತಿ ಉಡುಗೊರೆಯಾಗಿ ಕೊಡಿ. ಅರ್ಧ ರೇಟು ಹೇಳಿದರೆ ಅದೇ ನಿಮ್ಮ ನಿಜವಾದ ರೇಟು ಎಂದು ಊರೆಲ್ಲಾ ಸುದ್ದಿಯಾಗುತ್ತದೆ.

ಆರ್ಡರ್ ಮೇಲೆ ಮಾಡುವುದಾದರೆ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ಪೆನ್ಸಿಲ್ ಹಂತದ ಫೋಟೋ ಕಳಿಸಿ ಒಪ್ಪಿಗೆ ಪಡೆಯಿರಿ. ಬಣ್ಣ ಬಿದ್ದ ಮೇಲೆ ಬದಲಾವಣೆ ಇಲ್ಲ ಎಂದು ಮೊದಲೇ ಹೇಳಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ದುಡ್ಡು ಕೊಟ್ಟು ಹೇಳಿ ಬರೆಸಿಕೊಂಡ ಚಿತ್ರದ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರಿಗೇ ಸೇರುತ್ತದೆ. ಅಂದರೆ ಯಾರೋ ತಮ್ಮ ಅಜ್ಜಿಯ ಮನೆ ಬರೆಸಿಕೊಂಡರೆ, ಆಮೇಲೆ ಅದರ ಪ್ರಿಂಟು ಮಾರುವ ಹಕ್ಕು ನಿಮಗೆ ಇರುವುದಿಲ್ಲ. ಆ ಹಕ್ಕು ನಿಮ್ಮಲ್ಲೇ ಉಳಿಯಬೇಕಾದರೆ ಮುಂಗಡ ತೆಗೆದುಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ನೀವಾಗಿಯೇ ಬರೆದು ಆಮೇಲೆ ಮಾರಿದ್ದಕ್ಕೆ ಈ ತೊಂದರೆ ಇಲ್ಲ, ಚಿತ್ರ ಅವರದು, ಕಾಪಿರೈಟ್ ನಿಮ್ಮದೇ.

ಆಫೀಸಿನವರಿಗೆ ಹೀಗೆ ಹೇಳಿ: "ಎ4 ಮೂಲ ಚಿತ್ರ 1000, ಬೇಕಿದ್ದರೆ 5 x 7 ಅಳತೆಯದು 600ಕ್ಕೆ ಮಾಡಿಕೊಡ್ತೀನಿ." ಮುಂದಿನ ಚಿತ್ರ ಶುರು ಮಾಡಿದಾಗ ಗಂಟೆ ಮತ್ತು ಖರ್ಚು ಬರೆದಿಟ್ಟು ಇಲ್ಲಿ ಹಾಕಿ, ನಿಮ್ಮ ಇಂಚಿನ ರೇಟು ಎಷ್ಟಾಗಬೇಕು ಎಂದು ಕೂತು ನೋಡೋಣ.