ಪ್ರಾರ್ಥನಾ ಪತ್ರದಲ್ಲಿದ್ದ ಹುಡುಗಿ

ಹೊರದೇಶದಲ್ಲಿ ಮಿಷನ್ ಸೇವೆಗಿರುವ ಕುಟುಂಬಗಳು ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಆಪ್ತಸಲಹೆಗೆ ನನ್ನಲ್ಲಿಗೆ ಬರುತ್ತಾರೆ. ಈ ವರ್ಷ ಇದು ಮೂರನೆಯದು. ಮೂರರಲ್ಲೂ ದೂರು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯ ಒಪ್ಪಿಗೆಯನ್ನೂ ಕೇಳಿದ್ದೇನೆ.

ಕರಾವಳಿಯ ಪ್ರೊಟೆಸ್ಟೆಂಟ್ ಕುಟುಂಬ. ಗಂಡ ಸಭಾಪಾಲಕರು, ಹೆಂಡತಿ ನರ್ಸ್. ಹತ್ತು ವರ್ಷದಿಂದ ಆಫ್ರಿಕಾದ ಮಲಾವಿಯಲ್ಲಿ ಒಂದು ಮಿಷನ್ ಆಸ್ಪತ್ರೆಯ ಜೊತೆ ಸೇವೆ. ಮಗಳಿಗೆ ಈಗ ಹದಿನಾಲ್ಕು. ಹೋಗುವಾಗ ನಾಲ್ಕು. ಮೂರು ತಿಂಗಳ ರಜೆಗೆ ಬಂದವಳು ಎರಡನೇ ವಾರದಿಂದ ಚರ್ಚಿಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ಅಜ್ಜಿ ಮಾಡಿದ್ದು ಏನೂ ಸೇರುತ್ತಿರಲಿಲ್ಲ. ಅಲ್ಲಿಯ ಮೆಕ್ಕೆಜೋಳದ ಮುದ್ದೆ, ಎನ್‌ಸಿಮಾ, ಬೇಕೆಂದು ಅಳುತ್ತಿದ್ದಳು. "ಊರಿಗೆ ಬಂದೂ ಹೀಗಾ?" ಎಂದು ಅಜ್ಜಿಗೆ ಬೇಜಾರು. ಅಜ್ಜಿಯ ಊರು ಮೊಮ್ಮಗಳ ಊರಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೊದಲ ಎರಡು ಸಲ ಅವಳು ಜಾಸ್ತಿ ಮಾತಾಡಲಿಲ್ಲ. ಚಿಟೇಂಜೆ ಎಂದು ಅಲ್ಲಿಯ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ. ಅದರ ಒಂದು ತುಂಡನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಇಷ್ಟೇ. ಒಂದು ಮಾತು ಮಾತ್ರ ಹೇಳಿದಳು: "ಆಂಟಿ, ಪಪ್ಪನ ಲೆಟರ್‌ನಲ್ಲಿರೋ ಹುಡುಗಿ ನಾನಲ್ಲ."

ಸೇವೆಯಲ್ಲಿರುವವರು ತಮಗೆ ಸಹಾಯ ಮಾಡುವ ಚರ್ಚ್ ಸಭೆಗಳಿಗೂ ಸ್ನೇಹಿತರಿಗೂ ಪ್ರಾರ್ಥನಾ ಪತ್ರ ಕಳಿಸುತ್ತಾರೆ. ಅದರ ಆಧಾರದ ಮೇಲೆ ಜನ ಪ್ರಾರ್ಥಿಸುತ್ತಾರೆ, ಕಾಣಿಕೆ ಕಳಿಸುತ್ತಾರೆ. ಮೂರನೇ ಭೇಟಿಗೆ ತಂದೆ ತಾಯಿಯನ್ನೂ ಕೂರಿಸಿಕೊಂಡೆ. ಹಿಂದಿನ ವರ್ಷದ ಒಂದು ಪತ್ರವನ್ನು ಫೋನಿನಲ್ಲಿ ತೆಗೆದು ಗಟ್ಟಿಯಾಗಿ ಓದಿ ಎಂದು ತಂದೆಗೆ ಹೇಳಿದೆ. ಆಸ್ಪತ್ರೆಯ ವಿಷಯ, ಮಳೆ ಬಾರದ ವಿಷಯ ಓದಿದರು. ಕೊನೆಗೆ, "ನಮ್ಮ ಮಗಳು ಹೊಸ ಶಾಲೆಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ, ದೇವರಿಗೆ ಸ್ತೋತ್ರ."

ಹುಡುಗಿ ಬಟ್ಟೆ ಸುತ್ತುವುದನ್ನು ನಿಲ್ಲಿಸಿದಳು. "ಆ ತಿಂಗಳು ನಾನು ಟಾಯ್ಲೆಟ್‌ನಲ್ಲಿ ಕೂತು ಊಟ ಮಾಡ್ತಿದ್ದೆ, ಪಪ್ಪ. ಜೊತೆಗೆ ಕೂರೋಕೆ ಯಾರೂ ಇರಲಿಲ್ಲ."

ತಾಯಿ ಅತ್ತರು. ತಂದೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ತುಂಬಾ ಹೊತ್ತಾದ ಮೇಲೆ, "ನಮ್ಮತ್ರ ಯಾಕೆ ಹೇಳ್ಲಿಲ್ಲ ಮಗಾ?" ಎಂದರು.

"ಹೇಳಿದ್ರೆ ನೀವು ವಾಪಸ್ ಬರ್ತಿದ್ರಿ. ಆಮೇಲೆ ಮಮ್ಮಿಯ ವಾರ್ಡಿನಲ್ಲಿರೋ ಪಾಪುಗಳನ್ನ ಯಾರು ನೋಡ್ಕೊಳ್ತಾರೆ?"

ಆ ಉತ್ತರ ಇವತ್ತಿಗೂ ನನ್ನನ್ನು ಕಾಡುತ್ತದೆ. ಒಂದು ಆಸ್ಪತ್ರೆಯ ಭಾರವನ್ನು ಹದಿಮೂರರ ಹುಡುಗಿ ಊಟದ ಡಬ್ಬಿಯ ಜೊತೆ ಹೊತ್ತುಕೊಂಡು ಓಡಾಡುತ್ತಿದ್ದಳು.

ನಾನು ಕೊಟ್ಟ ಸಲಹೆ ಹೀಗಿತ್ತು. ಪತ್ರ ಹೊರಡುವ ಮೊದಲು ತನ್ನ ಬಗ್ಗೆ ಇರುವುದನ್ನು ಅವಳು ಓದಬೇಕು. ಅವಳು ಹೊಡೆದು ಹಾಕಿದ ಸಾಲು ಹೋಗಲೇಬೇಕು, ಚರ್ಚೆ ಇಲ್ಲ. ಉಳಿದ ಸಭೆಗಳಲ್ಲಿ ಅವಳನ್ನು ವೇದಿಕೆಗೆ ಕರೆದು ಅಲ್ಲಿಯ ಚಿಚೇವಾ ಭಾಷೆಯ ಹಾಡು ಹಾಡಿಸುವುದು ಬೇಡ. ಹತ್ತನೇ ತರಗತಿಗೆ ಇಲ್ಲೇ ಹಾಸ್ಟೆಲ್‌ಗೆ ಸೇರಿಸುವ ಯೋಚನೆ ಅವರಿಗಿತ್ತು. ಅವಳನ್ನು ಕೇಳದೆ ಅದನ್ನು ತೀರ್ಮಾನ ಮಾಡಬೇಡಿ ಎಂದೆ. ಇನ್ನೊಂದು ವಿಷಯ ತಾಯಿಗೆ: ಮುಂದೆ ಯಾವತ್ತಾದರೂ ಆ ದೇಶ ಬಿಡುವುದಾದರೆ ಸುಮ್ನೆ ಪೆಟ್ಟಿಗೆ ಕಟ್ಟಿ ಹೊರಡಬೇಡಿ. ಗೆಳತಿಯರಿಗೆ, ನಾಯಿಗೆ, ಅಡುಗೆಮನೆಯ ಹಿಂದಿನ ಮಾವಿನ ಮರಕ್ಕೂ ಹೋಗಿಬರುತ್ತೇನೆ ಎಂದು ಹೇಳಲು ಅವಳಿಗೆ ಸಮಯ ಕೊಡಿ.

ಈ ಸಲಹೆಯ ಬಗ್ಗೆ ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಮಕ್ಕಳ ಮಾತು ಕೇಳಿ ದೇವರ ಸೇವೆ ನಿಲ್ಲಿಸಬೇಕಾ?" ನಿಲ್ಲಿಸಿ ಎಂದು ನಾನು ಹೇಳಲೇ ಇಲ್ಲ. ನಾನೂ ವಿಶ್ವಾಸಿ. ದೇವರ ಕರೆ ದೊಡ್ಡದು ಎಂದು ನಂಬಿದವಳು. ಆದರೆ ಕರೆ ಬಂದದ್ದು ತಂದೆ ತಾಯಿಗೆ. ಮಗು ಕಂಕುಳಲ್ಲಿ ಕೂತು ಹೋಯಿತು. ತನ್ನ ಮನೆಯವರನ್ನು ನೋಡಿಕೊಳ್ಳದವನ ಬಗ್ಗೆ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಎಷ್ಟು ಕಟುವಾದ ಮಾತಿದೆ, ಹಿರಿಯರಿಗೆ ಗೊತ್ತಿಲ್ಲದ್ದಲ್ಲ.

ನಮ್ಮ ಕರಾವಳಿಗೆ ಇದು ಹಳೆಯ ಕತೆ ಅಲ್ವಾ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಮಗೆಲ್ಲ ನೆನಪಿದೆ. ಅವರ ಮಕ್ಕಳ ನೆನಪು ಕಡಿಮೆ. ಆ ಮಕ್ಕಳನ್ನು ಸಣ್ಣ ವಯಸ್ಸಿನಲ್ಲೇ ಯುರೋಪಿಗೆ ಕಳಿಸುವ ಪದ್ಧತಿ ಇತ್ತು. ಅದೇ ಮಿಷನ್ನಿನ ಹೆರ್ಮನ್ ಗುಂಡರ್ಟ್ ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದರು. ಮತ್ತೆ ಇಲ್ಲಿಗೆ ಬರುವಾಗ ಅವಳಿಗೆ ಸುಮಾರು ಹದಿನೈದು. ಈಗ ನಾವು ಕಳಿಸುವವರಾಗಿದ್ದೇವೆ. ಆಗಿನವರಿಗೆ ಗೊತ್ತಿರದ ವಿಷಯಗಳು ನಮಗೆ ಗೊತ್ತಿವೆ. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರ ಅಧ್ಯಯನಕ್ಕೆ ಬಂದ ಸಮಾಜಶಾಸ್ತ್ರಜ್ಞೆ ರೂತ್ ಯೂಸೀಮ್ ಇಂಥ ಮಕ್ಕಳನ್ನು 'ಮೂರನೇ ಸಂಸ್ಕೃತಿಯ ಮಕ್ಕಳು' ಎಂದು ಕರೆದರು. ತಂದೆ ತಾಯಿಯ ಊರೂ ಪೂರ್ತಿ ಇವರದಲ್ಲ, ಬೆಳೆದ ಊರೂ ಪೂರ್ತಿ ಇವರದಲ್ಲ. ಆದ್ದರಿಂದ ಚರ್ಚಿನ ಅಂಗಳದಲ್ಲಿ ಇಂಥ ಮಗು ಸಿಕ್ಕಿದರೆ, "ಯಾವ ದೇಶ ಇಷ್ಟ, ಇದಾ ಅದಾ?" ಎಂದು ದಯವಿಟ್ಟು ಕೇಳಬೇಡಿ. ಅಲ್ಲಿ ನಿನ್ನ ಗೆಳತಿಯ ಹೆಸರೇನು ಎಂದು ಕೇಳಿ.

ಅವರು ಮೂವರೂ ವಾಪಸ್ ಹೋದರು. ಹಾಸ್ಟೆಲ್ ಸದ್ಯಕ್ಕಿಲ್ಲ. ಮೊನ್ನೆ ಅವರ ಪತ್ರ ನನಗೂ ಬಂತು. ಆಸ್ಪತ್ರೆಗೆ ಜನರೇಟರ್ ಬೇಕಿದೆಯಂತೆ, ಅದಕ್ಕಾಗಿ ಪ್ರಾರ್ಥಿಸಿ ಎಂದಿತ್ತು. ಕೊನೆಯ ಸಾಲು: "ಮಗಳು ಈ ಸಲ ತನ್ನ ಬಗ್ಗೆ ಏನೂ ಬರೆಯಬೇಡಿ ಎಂದಿದ್ದಾಳೆ."